ನಡೆದು ಉಣ್ಣುವ ಊರು

ತಿನ್ನುವ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವಳಲ್ಲ. ತವರಿನಲ್ಲಿದ್ದಾಗಲೂ ರಜೆ ಬಂತೆಂದರೆ ಒಂದಿಷ್ಟು ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಚೀಲಕ್ಕೆ ಹಾಕಿಕೊಂಡು ಯಾವುದಾದರೂ ಗುಡ್ಡವನ್ನೋ ಪಾಳುಕೋಟೆಯನ್ನೋ ಹುಡುಕಿಕೊಂಡು ಹೊರಟುಬಿಡುತ್ತಿದ್ದೆ. ಹತ್ತಿ ಸುಸ್ತಾಗಿ, ಗಾಳಿಗೆ ಮುಖವೊಡ್ಡಿ ಕುಳಿತು ತಿನ್ನುವ ರೊಟ್ಟಿಯ ಮುಂದೆ ಮದುವೆ ಮನೆಯ ಪಂಕ್ತಿಯೂಟವನ್ನು ನಿವಾಳಿಸಿ ಒಗೆಯಬೇಕು. ಕರೆಂಟಿನ ಮೀಟರ್ ಓದುವ ನನ್ನ ಕೆಲಸವನ್ನು ಈ ಊರಿಗೆ ವರ್ಗ ಮಾಡಿದಾಗ ಆಫೀಸಿನವರೆಲ್ಲ ಪಾಪ ಅನ್ನುವ ಮುಖ ಮಾಡಿದರು. ನಾನು ಕೇಳಿದ್ದು ಎರಡೇ ಮಾತು. ಅಲ್ಲಿ ಗುಡ್ಡ ಇದೆಯೇ, ಊಟ ಹೇಗೆ? ಗುಡ್ಡ ಇದೆ ಎಂದರು. ಊಟದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.

ಬಸ್ಸಿನಿಂದ ಇಳಿದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ನಿಲ್ದಾಣದ ಎದುರಿಗೇ ಮಿರ್ಚಿ ಅಂಗಡಿ, ಬಾಣಲೆಯಲ್ಲಿ ಆಗತಾನೇ ಕೆಂಪಗಾದ ಮಿರ್ಚಿ. ಆದರೆ ಕೂರುವುದಕ್ಕೆ ಅಲ್ಲಿ ಒಂದು ಸ್ಟೂಲೂ ಇರಲಿಲ್ಲ. ಅಂಗಡಿಯವನು ಪೇಪರಿನಲ್ಲಿ ಮಿರ್ಚಿ ಕಟ್ಟುತ್ತಾ ಕೇಳಿದ, "ಎಲ್ಲೀತನಕ ಹೊಂಟೀರಿ ಅಕ್ಕಾರ?"

"ಎಲ್ಲಿಗೂ ಇಲ್ಲಪ್ಪ. ಇಲ್ಲೇ ನಿಂತು ತಿಂತೀನಿ."

ಅವನು ನನ್ನ ಟ್ರಂಕು ನೋಡಿದ, ನನ್ನ ಚಪ್ಪಲಿ ನೋಡಿದ, ಪೊಟ್ಟಣ ಕೈಗಿಟ್ಟ. ನಾನು ಕಚ್ಚಿದೆ. ತೊಯ್ದ ಪೇಪರನ್ನೇ ತಿಂದ ಹಾಗಾಯಿತು. ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯ ಜಿಡ್ಡೂ ಇಲ್ಲ. ಜಗಳ ತೆಗೆಯಬೇಕೆಂದು ಸೆರಗು ಸಿಗಿಸಿಕೊಂಡೆ. ಅವನು ನಗುತ್ತಾ ರಸ್ತೆಯ ಕಡೆ ಕೈ ತೋರಿಸಿದ. "ಹೊಸಬರು ಕಾಣಸ್ತೀರಿ. ಬಯ್ಯೂದು ಆಮ್ಯಾಲ ಬಯ್ಯೀರಂತ. ಕೈಯಾಗ ಹಿಡಕೊಂಡು ಆ ಬೇವಿನ ಗಿಡದ ತಿರುವು ದಾಟ್ರಿ ಮೊದ್ಲ." ತಿರುವು ದಾಟಿ ಇನ್ನೊಂದು ತುತ್ತು ಕಚ್ಚಿದೆನೋ ಇಲ್ಲವೋ, ಖಾರ ನೆತ್ತಿಗೇರಿ ಕಣ್ಣಲ್ಲಿ ಮೂಗಲ್ಲಿ ನೀರು ಬಂತು. ಅಂಥ ಮಿರ್ಚಿಯನ್ನು ನಾನು ಜನ್ಮದಲ್ಲಿ ತಿಂದಿರಲಿಲ್ಲ. ನಡುರಸ್ತೆಯಲ್ಲಿ ಟ್ರಂಕಿನ ಮೇಲೆ ಕುಳಿತು ಎಲ್ಲವನ್ನೂ ತಿಂದು ಮುಗಿಸಿದೆ. ಈ ಊರು ನನಗಾಗಿಯೇ ಮಾಡಿದ್ದು ಎಂದು ಅಲ್ಲೇ ತೀರ್ಮಾನವಾಯಿತು.

ಅಲ್ಲಿ ಸೂರಿನ ಕೆಳಗೆ ಯಾವ ತಿನಿಸಿಗೂ ರುಚಿಯಿರಲಿಲ್ಲ. ನಡೆದವರಿಗೆ ಮಾತ್ರ ರುಚಿ, ಅದೂ ತಿನಿಸಿಗೆ ತಕ್ಕಷ್ಟು ನಡೆದರೆ. ಚಹಾಕ್ಕೆ ಓಣಿಯ ಮೂಲೆ ಸಾಕು. ಕಡಲೆಹಿಟ್ಟಿನ ಝುಣಕ, ರೊಟ್ಟಿ ಬೇಕೆಂದರೆ ಹಳೇ ಕಲ್ಲುಗಣಿಯ ತನಕ ಹೋಗಬೇಕು. ಹೋಳಿಗೆ, ಎಣ್ಣೆಗಾಯಿಯಂಥ ಮೈಮುರಿದು ಮಾಡುವ ಅಡುಗೆಗಳಂತೂ ಗುಡ್ಡದ ನೆತ್ತಿಯ ಬುತ್ತಿ ಬಂಡೆಯ ಮೇಲೆ ಕೂತ ಹೊರತು ರುಚಿ ಬಿಡುವುದಿಲ್ಲ. ಊರಿನವರು ಇದನ್ನು ಯಾಕೆ ಎಂದು ಕೇಳುತ್ತಿರಲಿಲ್ಲ. ಬಿಸಿಲು ಯಾಕೆ ಎಂದು ನಾವು ಕೇಳುತ್ತೇವೆಯೇ? ಅವರ ಮನೆಗಳಲ್ಲಿ ಚಪ್ಪಲಿಯ ಜಾಗ ಬಾಗಿಲಲ್ಲಲ್ಲ, ಒಲೆಯ ಪಕ್ಕ. ಹೆಣ್ಣು ನೋಡಲು ಬಂದವರು ಹುಡುಗಿಯ ಜೊತೆ ಗಣಿಯ ತನಕ ನಡೆದೇ ಅವಲಕ್ಕಿ ತಿನ್ನುತ್ತಿದ್ದರು. ಹಿಂದಿರುಗುವಷ್ಟರಲ್ಲಿ ಹುಡುಗ ಹುಡುಗಿ ಇಬ್ಬರಿಗೂ ಇನ್ನೊಬ್ಬರ ಗುಣ ಗೊತ್ತಾಗಿರುತ್ತಿತ್ತು. ಒಬ್ಬ ಸಾಹುಕಾರ ಮೇಣೆಯಲ್ಲಿ ಕುಳಿತು ಬಂಡೆಗೆ ಹೋಗಿ ಹೋಳಿಗೆ ತಿಂದನಂತೆ, ಬಾಯಲ್ಲಿ ಮಣ್ಣು. ಅವನ ಕತೆ ಹೇಳಿ ನಗದ ಮನೆಯೇ ಇರಲಿಲ್ಲ. ಕೋಲು ಹಿಡಿಯಬಹುದು, ಇನ್ನೊಬ್ಬರ ಕೈ ಹಿಡಿಯಬಹುದು, ಆದರೆ ಹೊತ್ತರೆ ಮುಗಿಯಿತು.

ಹೊರಗೆ ಹೋಗುವುದನ್ನು ಬಿಟ್ಟವರಿಗೆ ಅಲ್ಲಿ ಒಂದು ಹೆಸರಿತ್ತು. "ಅವರು ಕುಂತಾರ್ರಿ" ಎಂದು ದನಿ ತಗ್ಗಿಸಿ ಹೇಳುತ್ತಿದ್ದರು. ನಾನು ಬಾಡಿಗೆಗೆ ಹಿಡಿದ ಕೋಣೆಯ ಮಾಲಕಿ ತುಂಗವ್ವ ಹಾಗೆ ಕುಂತವಳು. ಒಂದು ಕಾಲದಲ್ಲಿ ಊರಿನ ಯಾವ ಮದುವೆಯೂ ಅವಳ ಅಡುಗೆಯಿಲ್ಲದೆ ಆಗುತ್ತಿರಲಿಲ್ಲವಂತೆ. ಹೋಳಿಗೆಯ ಬುಟ್ಟಿ ತಲೆ ಮೇಲಿಟ್ಟುಕೊಂಡು ಮದುವೆ ದಿಬ್ಬಣಕ್ಕಿಂತ ಮೊದಲು ಬಂಡೆ ತಲಪುತ್ತಿದ್ದಳಂತೆ. ಹಾಗೆ ಹತ್ತುವಾಗಲೇ ಒಮ್ಮೆ ಜಾರಿ ಬಿದ್ದು ಮಂಡಿ ಮುರಿಯಿತು. ಮೂಳೆ ಕೂಡಿತು, ಸ್ವಲ್ಪ ಸೊಟ್ಟ ಕೂಡಿತು. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಿದ್ದಳು. ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ.

ಹೊಸ್ತಿಲು ದಾಟದಿದ್ದರೂ ಅಡುಗೆ ಬಿಟ್ಟಿರಲಿಲ್ಲ. ವಾರಕ್ಕೊಮ್ಮೆ, ಸಂತೆಯ ಮರುದಿನ, ಬದನೆಕಾಯಿ ಎಣ್ಣೆಗಾಯಿ ಮಾಡಿ ದೊಡ್ಡ ಡಬ್ಬಿಗೆ ತುಂಬಿ ಗುಡ್ಡಕ್ಕೆ ಹೊರಟ ಓಣಿಯವರ ಕೈಗೆ ಕೊಡುತ್ತಿದ್ದಳು. ಅವರು ಹೋಗಿ ತಿಂದು ಇಳಿದು ಬರುವ ತನಕ ಬಾಗಿಲಲ್ಲಿ ಕುಳಿತಿರುತ್ತಿದ್ದಳು. ಬಂದವರು ನೀರು ಕುಡಿಯುವ ಮೊದಲು ಅಡುಗೆಯವರ ಬಾಗಿಲಿಗೆ ಹೋಗಿ "ಚಲೋ ಆಗಿತ್ತು" ಅನ್ನಬೇಕು. ಅದು ಆ ಊರಿನ ರಿವಾಜು. ಎಲ್ಲರ ಅಡುಗೆಗೂ ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಕುಂತವರ ಅಡುಗೆಯಾದರಂತೂ ಆ ಮಾತನ್ನು ಎರಡು ಸಲ ಅನ್ನುತ್ತಿದ್ದರು.

ನಾನು ಮೊದಲ ಸಲ ಬುತ್ತಿ ಬಂಡೆಗೆ ಹೋದದ್ದು ಫಕೀರಪ್ಪನ ಗುಂಪಿನ ಜೊತೆ. ಫಕೀರಪ್ಪ ಓಣಿಗೆ ನಲ್ಲಿ ನೀರು ಬಿಡುವವನು. ದಪ್ಪ ಮೀಸೆ, ದೊಡ್ಡ ದನಿ. ಗುಡ್ಡಕ್ಕೆ ಹೋಗುವವರನ್ನೆಲ್ಲ ಅವನೇ ಕೂಗಿ ಸೇರಿಸುತ್ತಿದ್ದ. ಗಣಿ ದಾಟಿ, ಕವಳಿ ಹಣ್ಣಿನ ಮುಳ್ಳುಕಂಟಿಗಳ ನಡುವೆ ಕುರಿ ಕಾಲುದಾರಿ ಹಿಡಿದು, ಒಂದು ಜಾರುಬಂಡೆ ಏರಿ ನೆತ್ತಿಗೆ ಹೋದೆವು. ಸುತ್ತ ಹತ್ತೂರು ಕಾಣುವ ಜಾಗ. ನಾನು ತುಂಗವ್ವನ ಡಬ್ಬಿಗೇ ಮೊದಲು ಕೈ ಹಾಕಿದೆ. ದಾರಿಯುದ್ದಕ್ಕೂ ಅವಳ ಕೈಗುಣದ ವರ್ಣನೆ ಕೇಳಿ ಬಾಯಲ್ಲಿ ನೀರೂರಿತ್ತು.

ಬಾಯಿಗಿಟ್ಟೆ. ಉಪ್ಪು. ಬರೀ ಉಪ್ಪು. ಶೇಂಗಾ ಪುಡಿ, ಗುರೆಳ್ಳು, ಹುಣಸೆಹಣ್ಣು ಎಲ್ಲವನ್ನೂ ಆ ಉಪ್ಪು ನುಂಗಿ ಹಾಕಿತ್ತು. ನಾಲಿಗೆ ಸೆಟೆದುಕೊಂಡಿತು. ಉಗುಳಲು ತಿರುಗಿದರೆ ಫಕೀರಪ್ಪ ಕಣ್ಣಲ್ಲೇ ಬೇಡ ಎಂದ. ಸುತ್ತ ನೋಡಿದೆ. ಎಲ್ಲರೂ ಒಂದು ಚೂರು ಬದನೆಕಾಯಿಗೆ ಅರ್ಧ ರೊಟ್ಟಿ ಸುತ್ತಿ ನುಂಗುತ್ತಿದ್ದರು, ಔಷಧಿ ತೆಗೆದುಕೊಳ್ಳುವವರ ಹಾಗೆ.

"ಏನ್ರಿ ಇದು? ಹಿಂಗ್ಯಾಕ ಐತಿ?" ಅಂದೆ.

"ಸುಮ್ನ ತಿನ್ರಿ. ಡಬ್ಬಿ ಖಾಲಿ ಆಗಬೇಕು" ಅಂದ ಫಕೀರಪ್ಪ.

"ಆಕೀಗೆ ಹೇಳ್ಬಾರದ?"

"ಹೇಳಿದ್ರ ಏನ್ ಮಾಡ್ತಾಳ್ರಿ ಪಾಪ? ನಾಲಿಗಿ ಇಲ್ಲ ಆಕಿಗೆ. ಕೈ ನೆನಪಿನ ಮ್ಯಾಲ ಹಾಕ್ತಾಳ. ಕಮ್ಮಿ ಆತೇನೋ ಅಂತ ಹೆದರಿ ವರ್ಷಾ ವರ್ಷಾ ಒಂದೊಂದ್ ಚಿಟಿಕಿ ಏರಿಸಿಕೋತ ಬಂದಾಳ."

ಕೆಳಗಿಳಿದ ಮೇಲೆ ಎಲ್ಲರೂ ಸಾಲಾಗಿ ತುಂಗವ್ವನ ಬಾಗಿಲಿಗೆ ಹೋಗಿ ಚಲೋ ಆಗಿತ್ತು, ಚಲೋ ಆಗಿತ್ತು ಅಂದರು. ಅವಳ ಮುಖ ಅರಳಿತು. ನಾನು ಕಾಲು ನೋವಿನ ನೆಪ ಹೇಳಿ ನನ್ನ ಕೋಣೆ ಸೇರಿದೆ. ಮುಂದಿನ ವಾರವೂ ಹಾಗೇ ಮಾಡಿದೆ. ಅದರ ಮುಂದಿನ ವಾರ ಅವಳು ನನ್ನನ್ನು ಬಿಡಲಿಲ್ಲ. ಅಂಗಳದಲ್ಲಿ ಎಲ್ಲರೂ ಇದ್ದರು.

"ಏ ಇಂದವ್ವ, ಬಾ ಇಲ್ಲೆ" ಎಂದು ಕರೆದಳು. ನನ್ನ ಹೆಸರು ಇಂದುಮತಿ, ಅವಳ ಬಾಯಲ್ಲಿ ಇಂದವ್ವ. "ಇವರೆಲ್ಲಾ ಇಲ್ಲೇ ಹುಟ್ಟಿ ಬೆಳದವರು, ನನ್ನ ಎಣ್ಣೆಗಾಯಿ ತಿಂದೇ ದೊಡ್ಡವರಾಗ್ಯಾರ. ನೀ ಹತ್ತು ಊರಾಗ ತಿಂದಾಕಿ. ನೀ ಹೇಳು. ಹೆಂಗೈತಿ ನನ್ನ ಕೈ?"

ಫಕೀರಪ್ಪ ಕೆಮ್ಮಿದ. ಅವನ ಹೆಂಡತಿ ದ್ಯಾಮವ್ವ ನನ್ನ ಸೆರಗು ಜಗ್ಗಿದಳು. ಮುದುಕಿ ನನ್ನ ಮುಖವನ್ನೇ ನೋಡುತ್ತಿದ್ದಳು, ಕಣ್ಣಲ್ಲಿ ಅಷ್ಟೊಂದು ಆಸೆ. ಅಡುಗೆ ಬಲ್ಲವಳೊಬ್ಬಳು ಇನ್ನೊಬ್ಬಳನ್ನು ಕೇಳುವ ಪ್ರಶ್ನೆ ಅದು. ಅದಕ್ಕೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ಉಪ್ಪು ಭಾಳ ಆಗೇತ್ರಿ ತುಂಗಕ್ಕ. ತಿನ್ನಾಕ ಆಗಂಗಿಲ್ಲ."

ತುಂಗವ್ವ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದಳು. ನೋಡಿದವರೆಲ್ಲ ತಲೆ ತಗ್ಗಿಸಿದರು. ಅಲ್ಲಿಗೆ ಅವಳಿಗೆ ಎಲ್ಲ ತಿಳಿಯಿತು. ಎದ್ದು ಗೋಡೆ ಹಿಡಿದು ಒಳಗೆ ಹೋದಳು. ಒಲೆಗೆ ನೀರು ಸುರಿದ ಸದ್ದು ಹೊರಗಿದ್ದ ನಮಗೆಲ್ಲ ಕೇಳಿಸಿತು.

ಮರುದಿನದಿಂದ ಅವಳು ಅಡುಗೆ ಮಾಡಲಿಲ್ಲ. ಅಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಅವಳು ಊಟವನ್ನೇ ಬಿಟ್ಟಳು. ದ್ಯಾಮವ್ವ ಗಂಜಿ ತಂದಳು, ಹಾಗೇ ಮರಳಿ ಹೋಯಿತು. ನಾನು ಹಾಲು ಕಾಸಿ ಕೊಟ್ಟೆ. ಎರಡು ಗುಟುಕು ಕುಡಿದು ಲೋಟ ಪಕ್ಕಕ್ಕಿಟ್ಟಳು. "ಹೊಟ್ಟಿ ತುಂಬಿಸಾಕ ಇಷ್ಟು ವರ್ಷ ಮಣ್ಣು ತಿಂದಂಗ ತಿಂದೀನಿ. ನನ್ನ ಜೀವ ಹಿಡಿದಿದ್ದು ಅನ್ನ ಅಲ್ಲವಾ, ಇವರು ಬಂದು ಹೇಳೂ ಮಾತು. ಅದೂ ಸುಳ್ಳಂದ್ರ ಇನ್ನ ಯಾಕ ತಿನ್ಲಿ?" ಎಂದು ಗೋಡೆಯ ಕಡೆ ಹೊರಳಿದಳು. ದಿನದಿಂದ ದಿನಕ್ಕೆ ಕೈಯ ಬಳೆ ಮೊಣಕೈ ಕಡೆಗೆ ಸರಿಯುತ್ತಾ ಹೋಯಿತು.

ಓಣಿಯವರು ನನ್ನ ಜೊತೆ ಮಾತು ಬಿಟ್ಟರು. ಮೀಟರ್ ನೋಡಲು ಹೋದರೆ ಬಾಗಿಲು ತೆರೆದು ಬೆನ್ನು ತೋರಿಸುತ್ತಿದ್ದರು. ಫಕೀರಪ್ಪ ಒಂದು ದಿನ ನಲ್ಲಿಯ ಹತ್ತಿರ ಅಡ್ಡ ನಿಂತು, "ಮುದುಕಿ ಸತ್ರ ಆ ಪಾಪ ನಿಮಗ ತಟ್ಟತೈತಿ ನೋಡ್ರಿ" ಅಂದ. ನಾನು ಹೇಳಿದ್ದು ನಿಜ. ನಿಜ ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪ ಇರಲಿಲ್ಲ, ಈಗಲೂ ಇಲ್ಲ. ಆದರೆ ನಿಜ ಹೇಳಿ ಕೈ ತೊಳೆದುಕೊಂಡು ಹೋಗುವುದು ನನ್ನ ಜಾಯಮಾನವಲ್ಲ. "ಸಾಯಾಕ ನಾ ಬಿಡಂಗಿಲ್ಲ. ಆಕೀನ್ನ ಬುತ್ತಿ ಬಂಡೆಗೆ ಹತ್ತಸ್ತೀನಿ" ಎಂದೆ. ಅವನು ಮೀಸೆಯಡಿಯಲ್ಲೇ ನಕ್ಕ. ಆ ನಗು ನೋಡಿದ ಮೇಲಂತೂ ನನಗೆ ಹಠ ಇಮ್ಮಡಿಯಾಯಿತು.

ತುಂಗವ್ವನಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ ಎಂದು ಗೊತ್ತಿತ್ತು. ಬುದ್ಧಿ ಹೇಳಿಸಿಕೊಳ್ಳುವುದು ನನಗೂ ಆಗದ ಮಾತು. ಹಾಗಾಗಿ ಸಂತೆಯಿಂದ ಎಳೇ ಬದನೆಕಾಯಿ ತಂದು, ಅವಳ ಅಡುಗೆಮನೆಗೇ ನುಗ್ಗಿ, ಅವಳಿಗೆ ಕಾಣುವ ಹಾಗೆ ಕುಳಿತು ಎಣ್ಣೆಗಾಯಿಗೆ ಶುರು ಹಚ್ಚಿಕೊಂಡೆ. ಬೇಕೆಂತಲೇ ಹಸೀ ಶೇಂಗಾವನ್ನು ಒರಳಿಗೆ ಸುರಿದೆ. ಚಾಪೆಯ ಮೇಲಿದ್ದ ಹೆಣ ಎದ್ದು ಕೂತಿತು.

"ಹುರೀಬೇಕಲಾ! ಹುರೀದ ಕುಟ್ಟತಾರೇನ ಯಾರಾದ್ರೂ?"

"ನಮ್ಮ ಕಡೆ ಹಿಂಗ ಮಾಡ್ತೀವ್ರಿ" ಎಂದೆ.

"ನಿಮ್ಮ ಕಡೇವರು ಏನು ದನಗಳೇನ?"

ಬದನೆಕಾಯಿಯ ತೊಟ್ಟು ತೆಗೆದು ಹೋಳು ಮಾಡಲು ಹೊರಟಾಗ ಅವಳು ತೆವಳಿಕೊಂಡೇ ಬಂದು ನನ್ನ ಮುಂದಿದ್ದ ಈಳಿಗೆಯನ್ನು ತನ್ನತ್ತ ಎಳೆದುಕೊಂಡಳು. ಮಸಾಲೆ ತುಂಬಿ, ಹದ ಮಾಡಿ, ಉಪ್ಪಿನ ಮರಿಗೆಯ ಮುಂದೆ ಬಂದಾಗ ಅವಳ ಕೈ ನಿಂತುಬಿಟ್ಟಿತು. ಮರಿಗೆಯನ್ನು ನನ್ನ ಕಡೆ ತಳ್ಳಿದಳು.

"ತುಂಗಕ್ಕ, ಈ ಊರಾಗ ನನಗ ಖರೇ ಹೇಳವರು ಯಾರೂ ಇಲ್ಲ. ನಾ ಮಣ್ಣು ಬೇಯಿಸಿದ್ರೂ ಚಲೋ ಆಗಿತ್ತು ಅಂತಾರ. ನನ್ನ ಅಡಿಗಿ ಹೆಂಗಾಗೇತಿ ಅಂತ ಹೇಳಾಕ ನನಗ ಒಂದು ನಾಲಿಗಿ ಬೇಕು. ನಿಮ್ಮದು ಬೇಕು" ಎಂದೆ.

"ನಂದು ಸತ್ತೈತಿ."

"ಸತ್ತಿಲ್ಲ, ಕುಂತೈತಿ. ಓಣಿ ಮೂಲೀ ತನಕ ಬರ್ರಿ. ಒಂದ್ ಕಪ್ ಚಹಾ. ಹೆಚ್ಚಿಗಿ ಏನೂ ಕೇಳಂಗಿಲ್ಲ ನಾನು."

ಅವಳು ಆ ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ನಾನು ದಿನಾ ಸಂಜೆ ಅವಳ ಕೋಲು ತಂದು ಹೊಸ್ತಿಲಿಗೆ ಒರಗಿಸಿ, ಪಕ್ಕದಲ್ಲೇ ಕುಳಿತುಕೊಳ್ಳುತ್ತಿದ್ದೆ. ಬೈದಳು, ಕೋಣೆ ಖಾಲಿ ಮಾಡು ಎಂದಳು. ಮಾಡುವುದಿಲ್ಲ ಎಂದೆ. ಕೊನೆಗೆ ಒಂದು ಸಂಜೆ ನನ್ನ ಕಾಟ ತಾಳಲಾರದೆಯೋ ಏನೋ, ಕೋಲು ತೆಗೆದುಕೊಂಡು ಹೊಸ್ತಿಲಾಚೆ ಕಾಲಿಟ್ಟಳು. ಓಣಿಯ ಗೋಡೆಗಳನ್ನು ಹಿಡಿದು, ನಿಂತು, ನನ್ನ ಹಿರೀಕರನ್ನೆಲ್ಲ ಶಪಿಸಿ, ಮತ್ತೆ ನಡೆದು ಮೂಲೆ ಮುಟ್ಟಿದಳು. ಚಹಾದ ಅಂಗಡಿಯ ಮಾಬೂಸಾಬ ಬಾಯಿ ತೆರೆದುಕೊಂಡು ನಿಂತುಬಿಟ್ಟ. ಆಮೇಲೆ ಚಹಾದ ಕಪ್ಪು ಕೈಗಿಟ್ಟ.

ಅವಳು ಕುಡಿದಳು. ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕೆನ್ನೆಯ ಸುಕ್ಕಿನಲ್ಲಿ ದಾರಿ ಮಾಡಿಕೊಂಡಿತು. ಮಾಬೂಸಾಬನೂ ಕಣ್ಣೊರೆಸಿಕೊಂಡ. ಆಮೇಲೆ ಅವಳು ಕಣ್ಣು ತೆರೆದು, "ಕುದ್ದಿಲ್ಲ ಇದು. ಹಸೀ ಶುಂಠಿ ಜಜ್ಜದ ಹಂಗ ಒಗದೀಯೇನೋ?" ಎಂದಳು.

"ಇಷ್ಟು ವರ್ಷದಾಗ ಯಾರೂ ಹೇಳೇ ಇಲ್ಲಲ್ಲಬೇ" ಎಂದು ಮಾಬೂಸಾಬ ಕಂಗಾಲಾದ.

"ನಾ ಹೇಳಾಕತ್ತೀನಿ. ಇನ್ನೊಂದು ಮಾಡು."

ಅಲ್ಲಿಂದ ಮುಂದೆ ಅವಳನ್ನು ಹೊರಡಿಸುವುದಕ್ಕೆ ನಾನು ಬೇಕಾಗಲಿಲ್ಲ, ಹಿಡಿದು ನಿಲ್ಲಿಸುವುದಕ್ಕೆ ಬೇಕಾದೆ. ಚಹಾ ಕುಡಿದವಳಿಗೆ ಮಿರ್ಚಿ ಬೇಕಾಯಿತು. ಬೇವಿನ ತಿರುವಿಗೆ ಹೋಗಿ ಬಂದ ರಾತ್ರಿ ಮಂಡಿ ಕುಂಬಳಕಾಯಿಯಾಯಿತು. ಎಣ್ಣೆ ನೀವಿ, ಬಿಸಿ ಇಟ್ಟಿಗೆಯ ಶಾಖ ಕೊಟ್ಟು ಮಲಗಿಸಿದರೆ, ಊತ ಇಳಿಯುವ ಮೊದಲೇ ಝುಣಕದ ಮಾತು. ಗಣಿಯ ತನಕ ಹೋಗಲು ಮೊದಲ ಸಲ ನಮಗೆ ಆಗಲಿಲ್ಲ, ಅರ್ಧ ದಾರಿಯಲ್ಲಿ ಕುಳಿತು, ಗಂಟು ಬಿಚ್ಚದೆ ಮರಳಿ ಬಂದೆವು. ಎರಡನೇ ಸಲವೂ ಹಾಗೇ ಆಯಿತು. ಅವಳು ಅತ್ತಳು. ನಾನು ಪಕ್ಕ ಕುಳಿತು ಅವಳ ಮಂಡಿ ನೀವಿದೆ. ಮೂರನೇ ಸಲ ಗಣಿಯ ಕಲ್ಲಿನ ಮೇಲೆ ಕುಳಿತು ಝುಣಕ ರೊಟ್ಟಿ ತಿಂದು, ನನ್ನ ಝುಣಕದಲ್ಲಿ ಬೆಳ್ಳುಳ್ಳಿ ಸೀದಿದೆ ಎಂದು ಊರಿಗೆಲ್ಲ ಕೇಳುವ ಹಾಗೆ ಬೈದಳು. ನಿಜವಾಗಿಯೂ ಸೀದಿತ್ತು. ಬೈಸಿಕೊಂಡು ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳು ಉಣ್ಣತೊಡಗಿದ್ದಳು, ಮೈಯಲ್ಲಿ ರಕ್ತ ಬಂದಿತ್ತು. ಆದರೆ ಒಂದು ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳ ಒಲೆ ಉರಿಯುತ್ತಿತ್ತು. ಎಣ್ಣೆಗಾಯಿಯ ಡಬ್ಬಿ ತುಂಬಿ ಕೂತಿತ್ತು.

"ಉಪ್ಪು ಎಷ್ಟು ಹಾಕೀರಿ?" ಎಂದೆ.

"ಯಾವಾಗ್ಲೂ ಹಾಕೂವಷ್ಟ. ನಾ ಏನು ತಿನಿಸೀನಿ ಅನ್ನೂದು ನನಗ ತಿಳೀಬೇಕು. ಅದನ್ನ ತಿನ್ನೂತನಕ ನಾ ಮತ್ತ ಯಾರ ಎಲಿಗೂ ಅಡಿಗಿ ಬಡಸಂಗಿಲ್ಲ. ಇವತ್ತ ಬುತ್ತಿ ಬಂಡೆಗೆ ಹೋಗೂಣು."

ನಾನು ಬೇರೆ ಒಂದು ಡಬ್ಬಿಯಲ್ಲಿ ನನ್ನ ಕೈಯ ಎಣ್ಣೆಗಾಯಿ ಒಯ್ಯುತ್ತೇನೆ ಎಂದೆ. ಅವಳು ನೋಡಿದ ನೋಟಕ್ಕೆ ಆ ಮಾತನ್ನು ಅಲ್ಲೇ ನುಂಗಿಕೊಂಡೆ.

ಸುದ್ದಿ ನಮಗಿಂತ ಮುಂಚೆ ಓಣಿ ದಾಟಿತ್ತು. ಗಣಿ ಮುಟ್ಟುವಷ್ಟರಲ್ಲಿ ಹಿಂದೆ ಫಕೀರಪ್ಪ, ದ್ಯಾಮವ್ವ, ಮಾಬೂಸಾಬ, ಇನ್ನೂ ಹತ್ತಾರು ಜನ. ಫಕೀರಪ್ಪನ ಮುಖ ಬಾಡಿಹೋಗಿತ್ತು. ಅವನು ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದ, "ಬಿದ್ರ ಗತಿ ಏನ್ರಿ? ಹೋಗ್ಲಿ, ಹತ್ತಿದ್ಲು ಅಂತ ಇಟ್ಕೋರಿ. ಅದನ್ನ ತಿಂದ್ಲಂದ್ರ ಆಕೀ ಎದಿ ಒಡದ ಹೋಗತೈತಿ. ಡಬ್ಬಿ ಬದಲ ಮಾಡೂಣು, ದ್ಯಾಮವ್ವ ಬ್ಯಾರೆ ತಂದಾಳ."

"ಮುಟ್ಟಿ ನೋಡ್ರಿ ಡಬ್ಬೀನ" ಎಂದೆ. ಅವನು ಹಿಂದೆ ಸರಿದ.

ಕವಳಿ ಕಂಟಿಯ ದಾರಿಯಲ್ಲಿ ಅವಳು ಕೋಲಿನ ಮೇಲೆ ಭಾರ ಹಾಕಿ ಒಂದೊಂದೇ ಹೆಜ್ಜೆ ಇಟ್ಟಳು. ಮುಳ್ಳಿಗೆ ಸೀರೆ ಸಿಕ್ಕಿದರೆ ನಿಂತು ಬಿಡಿಸಿಕೊಂಡಳು. ಬಿಸಿಲು ಏರುತ್ತಿತ್ತು. ಜಾರುಬಂಡೆಯ ಬುಡಕ್ಕೆ ಬಂದಾಗ ನಿಂತೇಬಿಟ್ಟಳು. ಅವಳು ಬಿದ್ದದ್ದು ಅಲ್ಲೇ. ಬಂಡೆಯನ್ನು ಮೇಲಿಂದ ಕೆಳಗೆ ನೋಡಿದಳು. ತುಟಿ ಒಣಗಿ ಬಿಳಿಚಿಕೊಂಡಿತ್ತು. ಎರಡು ಹೆಜ್ಜೆ ಇಟ್ಟಳು, ಕೋಲು ಜಾರಿತು, ಮಂಡಿಯೂರಿ ಬಿದ್ದಳು. ಫಕೀರಪ್ಪ ಓಡಿ ಬಂದು ಎತ್ತಲು ಎರಡೂ ಕೈ ಚಾಚಿದ.

"ಮುಟ್ಟಿದ್ರ ನೋಡು!" ಎಂದು ಅವಳು ಕಿರುಚಿದಳು. "ಎತ್ತಿದೆಂದ್ರ ಎಲ್ಲಾ ಮಣ್ಣಾಗತೈತಿ. ದೂರ ನಿಲ್ಲು!"

ಅವನ ಕೈಗಳು ಗಾಳಿಯಲ್ಲೇ ನಿಂತವು. ಅಷ್ಟು ದೊಡ್ಡ ಮನುಷ್ಯ ಅಳುಮೋರೆ ಮಾಡಿಕೊಂಡು ಪಕ್ಕಕ್ಕೆ ಸರಿದ. ತುಂಗವ್ವ ಕೋಲನ್ನು ನನ್ನ ಕೈಗೆ ಕೊಟ್ಟಳು. ಸೀರೆ ಕಚ್ಚೆ ಕಟ್ಟಿ, ಬಂಡೆಗೆ ಬೆನ್ನು ತಿರುಗಿಸಿ ಕುಳಿತಳು. ಎರಡೂ ಅಂಗೈ ಹಿಂದಕ್ಕೆ ಊರಿ, ಒಳ್ಳೇ ಕಾಲು ಒತ್ತಿ, ಕುಳಿತ ಹಾಗೇ ಒಂದು ಗೇಣು ಮೇಲಕ್ಕೆ ಸರಿದಳು. ಮತ್ತೊಂದು ಗೇಣು. ಮತ್ತೆ ನಿಂತು ಉಸಿರು ತೆಗೆದುಕೊಂಡಳು.

"ಹಿಂಗ ಸರದ್ರ ನಡದಂಗ ಆಗತೈತೇನು?" ಎಂದು ಹಿಂದೆ ಯಾರೋ ಅಂದರು. "ಕಾಲಿಲೆ ನಡೀಬೇಕಲ್ಲ" ಎಂದು ಇನ್ನೊಬ್ಬರು. ಯಾರಿಗೂ ಗೊತ್ತಿರಲಿಲ್ಲ. ಹಾಗೆ ಹತ್ತಿದವರನ್ನು ಆ ಊರು ಕಂಡಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಇಷ್ಟೆಲ್ಲ ಮಾಡಿಸಿ, ಕೊನೆಗೆ ಆ ಡಬ್ಬಿಯಲ್ಲಿ ಮಣ್ಣೇ ಸಿಕ್ಕರೆ ಇವಳಿಗೆ ಏನು ಹೇಳಲಿ? ಆದರೂ ಅವಳ ಪಕ್ಕದಲ್ಲೇ, ಮುಟ್ಟದೆ, ಅವಳು ಸರಿದಷ್ಟೇ ನಾನೂ ಸರಿಯುತ್ತಾ ಹತ್ತಿದೆ. ಬಂಡೆಯ ಮೇಲೆ ಅವಳ ಅಂಗೈ ಊರಿದ ಕಡೆಯಲ್ಲೆಲ್ಲ ಕೆಂಪು ಕಂಡಿತು. ನೋಡಬೇಡ ಎಂದು ನನಗೆ ನಾನೇ ಹೇಳಿಕೊಂಡೆ.

ನೆತ್ತಿ ತಲಪಿದಾಗ ಮಧ್ಯಾಹ್ನದ ಗಾಳಿ ಎದ್ದಿತ್ತು. ಬುತ್ತಿ ಬಂಡೆಯ ಮೇಲೆ ಅವಳು ಕಾಲು ಚಾಚಿ ಕುಳಿತಳು. ತನ್ನ ಊರನ್ನು, ಕೆರೆಯನ್ನು, ಗಣಿಯನ್ನು ನೋಡಿದಳು. ಎಲ್ಲರೂ ತಮ್ಮ ಗಂಟು ಬಿಚ್ಚುವುದನ್ನೂ ಮರೆತು ಸುತ್ತ ನಿಂತಿದ್ದರು. ಅವಳು ಕೈಗೆ ನೀರು ಹಾಕಿಸಿಕೊಂಡಳು, ಗಾಯಕ್ಕೆ ನೀರು ತಾಗಿ ಹಲ್ಲು ಕಚ್ಚಿದಳು. ಡಬ್ಬಿ ತೆರೆದು, ರೊಟ್ಟಿ ಮುರಿದು, ಒಂದು ಇಡೀ ಬದನೆಕಾಯಿಯನ್ನು ಅದರಲ್ಲಿ ಹಿಡಿದು ಬಾಯಿಗಿಟ್ಟಳು.

ನಾನು ಅವಳ ದವಡೆಯನ್ನೇ ನೋಡುತ್ತಿದ್ದೆ. ಒಂದು ಸಲ ಅಗಿದಳು. ಇನ್ನೊಂದು ಸಲ. ಏನೂ ಆಗಲಿಲ್ಲ. ಅಷ್ಟರಲ್ಲಿ ಅವಳ ಹುಬ್ಬು ಮೇಲೇರಿತು, ಮುಖ ಹಿಂಡಿಕೊಂಡಿತು, ಭುಜ ಕಿವಿಯ ತನಕ ಬಂತು. ಮೈಯೆಲ್ಲ ಒಮ್ಮೆ ಜುಮ್ಮೆಂದು ಅದುರಿತು. ದ್ಯಾಮವ್ವ ನೀರಿನ ಚೆಂಬು ಮುಂದೆ ಮಾಡಿದಳು. ಅವಳು ಬೇಡ ಎಂದು ತಲೆಯಾಡಿಸಿ, ಪೂರ್ತಿ ಅಗಿದು, ನುಂಗಿದಳು.

"ಯವ್ವಾ!" ಅಂದಳು. ಉಸಿರು ಎಳೆದುಕೊಂಡು ಫಕೀರಪ್ಪನ ಕಡೆ ತಿರುಗಿದಳು. "ಇದನ್ನ ತಿಂದ್ರೇನೋ?"

ಫಕೀರಪ್ಪ ನೆಲ ನೋಡಿದ. "ಹೂಂ."

"ವಾರಾ ವಾರಾ?"

"ಹೂಂ."

"ಚೆಲ್ಲಲಿಲ್ಲ? ಇಷ್ಟು ದೊಡ್ಡ ಗುಡ್ಡ, ಒಂದು ಕಂಟಿಯಾಗ ಸುರುವಿ ಬಂದಿದ್ರ ನನಗೇನು ಕಾಣಸ್ತಿತ್ತು?"

"ಮನಸ ಬರಲಿಲ್ಲಬೇ" ಎಂದ ಫಕೀರಪ್ಪ. "ನೀ ಕೆಳಗ ಬಾಗಿಲಾಗ ಕುಂತಿರ್ತಿದ್ದಿ. ಚೆಲ್ಲಿ ಬಂದು ನಿನ್ನ ಮಾರಿ ನೋಡೂದು ಹೆಂಗ? ತಿಂದು ಬಂದ್ರ ಚಲೋ ಆಗಿತ್ತು ಅನ್ನಾಕ ಬಾಯಿ ಬರ್ತಿತ್ತು."

ಅವಳು ಬೈಯುತ್ತಾಳೆ ಎಂದು ನಾನು ಕಾದೆ. ಚಹಾ ಕುದಿಯದ್ದಕ್ಕೆ ಬೈದವಳು, ಬೆಳ್ಳುಳ್ಳಿ ಸೀದದ್ದಕ್ಕೆ ಬೈದವಳು. ಅವಳು ಬೈಯಲಿಲ್ಲ. ಒಬ್ಬೊಬ್ಬರನ್ನೇ ನೋಡುತ್ತಾ ಹೋದಳು. ಅಂದು ಅಂಗಳದಲ್ಲಿ ತಲೆ ತಗ್ಗಿಸಿದವರು ಇಂದು ಅವಳ ಕಣ್ಣಿಗೆ ಕಣ್ಣು ಕೊಟ್ಟು ನಿಂತಿದ್ದರು. ದ್ಯಾಮವ್ವ ಬಿಕ್ಕುತ್ತಿದ್ದಳು. ಆಮೇಲೆ, ವಾರವಾರದ ರೂಢಿಯೋ ಏನೋ, ಫಕೀರಪ್ಪ ಕುಕ್ಕರಗಾಲಲ್ಲಿ ಕುಳಿತು, ತನ್ನ ರೊಟ್ಟಿ ಮುರಿದು, ಡಬ್ಬಿಗೆ ಕೈ ಹಾಕಿದ. ಅವನ ಹಿಂದೆಯೇ ಉಳಿದವರ ಕೈಗಳೂ ಬಂದವು.

ತುಂಗವ್ವ ಅವನ ಕೈ ಮೇಲೆ ಪಟ್ಟನೆ ಹೊಡೆದಳು.

"ತಗೀ ಕೈ! ನೀವು ತಿಂದದ್ದು ಸಾಕು" ಎಂದಳು. ಡಬ್ಬಿಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. "ಇವತ್ತಿಂದು ನನ್ನ ಪಾಲು."

ಮತ್ತೆ ರೊಟ್ಟಿ ಮುರಿದಳು. ನಾನು ಬೇಡ ತುಂಗಕ್ಕ, ಸಾಕು ಎಂದೆ. ಅವಳು ಕೇಳಲಿಲ್ಲ. ಪ್ರತಿ ತುತ್ತಿಗೂ ಮುಖ ಹಿಂಡಿಕೊಳ್ಳುತ್ತಾ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತಾ, ನಡುನಡುವೆ ನಗುತ್ತಾ, ಡಬ್ಬಿಯ ತಳವನ್ನು ರೊಟ್ಟಿಯ ಚೂರಿನಿಂದ ಒರೆಸಿ ಒರೆಸಿ ತಿಂದಳು. ನಾವು ಹತ್ತಾರು ಜನ ನಮ್ಮ ನಮ್ಮ ನೀರಿನ ಚೆಂಬು ಕೈಯಲ್ಲಿ ಹಿಡಿದು, ಅವಳು ಯಾರ ಕಡೆ ಕೈ ಚಾಚುತ್ತಾಳೋ ಎಂದು ಕಾಯುತ್ತಾ ನಿಂತಿದ್ದೆವು.